ಅಂಚಿನ ವರ್ಷ

ವಸಂತಲಕ್ಷ್ಮಿಯ ಕಣ್ಣಿನ ಬಗ್ಗೆ ಕೊಳ್ಳೇಗಾಲದಲ್ಲಿ ಒಂದು ಮಾತಿತ್ತು. ಆಕೆ ಮೈಕ್ರೋಸ್ಕೋಪಿನ ಮುಂದೆ ಕುಳಿತಳೆಂದರೆ ರೋಗ ತಗುಲಿದ ಚಿಟ್ಟೆ ತಾನಾಗಿಯೇ ಸಾಲು ಬಿಟ್ಟು ಪಕ್ಕಕ್ಕೆ ನಿಲ್ಲುತ್ತದಂತೆ. ಅರೆದುಹಾಕಿದ ಚಿಟ್ಟೆ ಹೇಗಪ್ಪಾ ನಿಲ್ಲುತ್ತದೆ ಎಂದು ಕೇಳಿದವರಿಗೆ ಆ ಊರಿನಲ್ಲಿ ಎರಡನೇ ಸಲ ಕಾಫಿ ಸಿಗುತ್ತಿರಲಿಲ್ಲ.

ಆಕೆ ಕೆಲಸ ಮಾಡುತ್ತಿದ್ದದ್ದು ರೇಷ್ಮೆ ಬಿತ್ತನೆ ಕೋಠಿಯಲ್ಲಿ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಅರೆಯಬೇಕು, ಒಂದು ಹನಿ ತೆಗೆದು ಗಾಜಿಗೆ ಹಚ್ಚಬೇಕು, ಅದರಲ್ಲಿ ಗಂಟುರೋಗದ ಕಣ ಇದೆಯೇ ಎಂದು ನೋಡಬೇಕು. ಇದ್ದರೆ ಆ ಚಿಟ್ಟೆಯಿಟ್ಟ ಮೊಟ್ಟೆಯನ್ನೆಲ್ಲ ಸುಡಬೇಕು. ನೋಡುವವರು ಒಂದು ಸಲ ರೆಪ್ಪೆ ಬಡಿದಾಗ ಒಂದು ಕಣ ತಪ್ಪಿಸಿಕೊಂಡರೂ ಸಾಕು, ಹದಿನೈದು ದಿನಕ್ಕೆ ಒಂದು ಇಡೀ ಊರಿನ ಹುಳು ತಟ್ಟೆಯಲ್ಲೇ ಕಪ್ಪಾಗಿ ಮಲಗುತ್ತಿತ್ತು. ಹೀಗೆ ರೆಪ್ಪೆ ಬಡಿಯದೆ ಆಕೆ ಒಂಬತ್ತು ವರ್ಷ ಕಳೆದಳು. ಒಂಬತ್ತನೆಯ ವರ್ಷ ರೆಪ್ಪೆ ಬಡಿದದ್ದು ಗುಂಡ್ಲುಪೇಟೆಯ ಶಿವಕುಮಾರ ಹೆಣ್ಣು ನೋಡಲು ಬಂದಾಗ, ಅದೂ ಅವನ ಅಂಗಿಯ ಹೂವು ನೋಡಲಾರದೆ.

ಮದುವೆಯಾಗಿ ನಾಲ್ಕು ವರ್ಷಕ್ಕೆ, ತೊಂಬತ್ತೆಂಟರಲ್ಲಿ, ಶಿವಕುಮಾರನಿಗೆ ಕಡಲಾಚೆಯ ಬಾಥೆಲ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವಾಯಿತು. ಇಬ್ಬರೂ ಅದರ ಪಕ್ಕದ ಕೆನ್ಮೋರ್‌ನಲ್ಲಿ ಕೆರೆಯ ಪಕ್ಕ ಮನೆ ಮಾಡಿದರು. ಕೆರೆ ಎಂದರೆ ನಮ್ಮ ಕೆರೆಯಲ್ಲ. ಈ ದಡದಲ್ಲಿ ಎಮ್ಮೆ ಇಳಿಸಿದರೆ ಆ ದಡಕ್ಕೆ ಅದರ ಮೊಮ್ಮಗಳು ಹತ್ತುವಷ್ಟು ಉದ್ದ. ವಸಂತಲಕ್ಷ್ಮಿಗೆ ಸಿಕ್ಕದ್ದು ಗಂಡನ ಬೆನ್ನಿಗೆ ಅಂಟಿಸಿದ ವೀಸಾ. ಆ ವೀಸಾದಲ್ಲಿ ಹೆಂಡತಿ ಉಸಿರಾಡಬಹುದು, ಸಂಬಳಕ್ಕೆ ಉಸಿರಾಡುವಂತಿಲ್ಲ. ಕಣ್ಣಿಗೆ ಕೆಲಸವಿಲ್ಲದೆ ಆಕೆ ಕೆರೆದಡದಲ್ಲಿ ಬಾತುಕೋಳಿ ಎಣಿಸತೊಡಗಿದಳು. ಮೂರನೆಯ ಚಳಿಗಾಲದ ಹೊತ್ತಿಗೆ ಬಾತುಕೋಳಿಗಳು ರಜೆ ಬೇಕಾದರೆ ಆಕೆಯನ್ನು ಕೇಳಿ ಹೋಗುತ್ತಿದ್ದವು ಎಂದು ಶಿವಕುಮಾರ ಬಾಥೆಲ್ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಆರು ವರ್ಷ ಕಳೆದು ಗ್ರೀನ್ ಕಾರ್ಡ್ ಬಂತು. ಅದೇ ತಿಂಗಳು ಕೆನ್ಮೋರ್ ಲೈಬ್ರರಿಯ ಗೋಡೆಯಲ್ಲಿ ಒಂದು ಚೀಟಿ ಕಂಡಿತು: ತಾಳ್ಮೆ ಇರುವವರು, ಮೈಕ್ರೋಸ್ಕೋಪ್ ನೋಡಿ ಅಭ್ಯಾಸವಿರುವವರು ಬೇಕಾಗಿದ್ದಾರೆ.

ಅದು ಪಕ್ಕದೂರು ಶೋರ್‌ಲೈನ್‌ನಲ್ಲಿ, ಒಂದು ಟೈರ್ ಅಂಗಡಿಯ ಹಿಂದೆ ಇದ್ದ ಸಣ್ಣ ಗುತ್ತಿಗೆ ಲ್ಯಾಬು. ಅದರ ಒಡತಿ ಇಂಗ್ರಿಡ್ ಹಾಲ್ವರ್ಸನ್. ಆಕೆ ಎಷ್ಟು ಎತ್ತರ ಎಂದರೆ ಶೋರ್‌ಲೈನ್‌ಗೆ ಮಳೆ ಬರುವ ವಿಷಯ ಬೇರೆಯವರಿಗಿಂತ ಐದು ನಿಮಿಷ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಮೂರು ತಲೆಮಾರಿನ ಹಿಂದೆ ನಾರ್ವೆಯಿಂದ ಇಲ್ಲಿನ ಮೀನುಗಾರಿಕೆ ಬಂದರು ಬ್ಯಾಲಾರ್ಡ್‌ಗೆ ಬಂದು ನೆಲೆಸಿದ ಮೀನುಗಾರರ ಮನೆ ಆಕೆಯದು. ಅವಳ ಅಣ್ಣ ಸಿಗರ್ಡ್ ಈಗಲೂ ದೊಡ್ಡ ಬಲೆಯ ಹಡಗು ಹತ್ತಿ ಅಲಾಸ್ಕದ ಆಚೆ ಬೇರಿಂಗ್ ಕಡಲಿಗೆ, ಹಿಮಗಡ್ಡೆ ತೇಲುವ ಅಂಚಿನವರೆಗೆ ಹೋಗಿ ಪೊಲಾಕ್ ಮೀನು ತರುತ್ತಿದ್ದ.

ಲ್ಯಾಬಿನ ಕೆಲಸ ಆ ಮೀನಿನ ವಯಸ್ಸು ಓದುವುದು. ಮೀನಿನ ತಲೆಯೊಳಗೆ ಒಂದು ಜೊತೆ ಕಿವಿಗಲ್ಲು ಇರುತ್ತದೆ, ಕುಂಬಳದ ಬೀಜದಷ್ಟು. ಅದನ್ನು ನಡುವೆ ಮುರಿದು, ಮುರಿದ ಅಂಚನ್ನು ಸ್ಪಿರಿಟ್ ದೀಪದಲ್ಲಿ ಕಂದು ಬಣ್ಣ ಬರುವಷ್ಟು ಸುಟ್ಟು, ಒಂದು ಹನಿ ಎಣ್ಣೆ ಬಿಟ್ಟು ನೋಡಿದರೆ ಮರದ ಕಾಂಡದ ಹಾಗೆ ಉಂಗುರ ಕಾಣುತ್ತವೆ. ಬೇಸಿಗೆಯಲ್ಲಿ ಮೀನು ಚೆನ್ನಾಗಿ ತಿಂದು ಬೆಳೆದದ್ದಕ್ಕೆ ಅಗಲವಾದ ತಿಳಿ ಪಟ್ಟಿ, ಚಳಿಗಾಲದಲ್ಲಿ ಹಸಿದು ಕೂತದ್ದಕ್ಕೆ ಕಡುಗೆರೆ. ಗೆರೆ ಎಣಿಸಿದರೆ ವಯಸ್ಸು.

"ವಯಸ್ಸು ಯಾಕೆ ಬೇಕು?" ಎಂದು ಮೊದಲ ದಿನ ವಸಂತಲಕ್ಷ್ಮಿ ಕೇಳಿದ್ದಳು.

"ಒಂದು ಊರಲ್ಲಿ ಎಷ್ಟು ಮಕ್ಕಳಿದಾರೆ, ಎಷ್ಟು ಮುದುಕರಿದಾರೆ ಅಂತ ಗೊತ್ತಾಗದೆ ಊರು ಉಳಿಯುತ್ತೋ ಅಳಿಯುತ್ತೋ ಹೇಗೆ ಹೇಳ್ತೀಯಾ?" ಎಂದಳು ಇಂಗ್ರಿಡ್. "ಮರಿ ಎಷ್ಟಿದೆ ನೋಡಿ ಮುಂದಿನ ವರ್ಷ ಎಷ್ಟು ಹಿಡಿಯಬಹುದು ಅಂತ ಮಿತಿ ಹಾಕ್ತಾರೆ. ಮರಿ ನಂಬಿಕೊಂಡು ನಮ್ಮಣ್ಣ ಒಬ್ಬನೇ ಇಲ್ಲ. ಕಡಲಸಿಂಹ ಇದೆ, ಹಕ್ಕಿ ಇದೆ. ಅವಕ್ಕೆ ಬ್ಯಾಲಾರ್ಡ್‌ನಲ್ಲಿ ಸಂಘ ಇಲ್ಲ, ಅಷ್ಟೇ."

ಮಗಳು ಮೀನಿನ ಕೆಲಸಕ್ಕೆ ಸೇರಿದಳು ಎಂದು ಕೇಳಿ ಕೊಳ್ಳೇಗಾಲದಲ್ಲಿ ತಾಯಿ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಕೆನ್ನೆ ಬಡಿದುಕೊಂಡರು. "ಮೀನು ಮುಟ್ಟಲ್ಲ ಕಣವ್ವ, ಕಲ್ಲು ಮುಟ್ತೀನಿ" ಎಂದ ಮೇಲೆ ಮಾದಪ್ಪನಿಗೆ ಬಿಟ್ಟು ಸುಮ್ಮನಾದರು.

ಮೊದಲ ಮೂರು ವರ್ಷ ಲ್ಯಾಬಿಗೆ ಬಂದದ್ದೆಲ್ಲ ಚಳಿಗಾಲದಲ್ಲಿ, ಫೆಬ್ರವರಿ ಮಾರ್ಚಿನಲ್ಲಿ ಹಿಡಿದ ಮೀನಿನ ಕಲ್ಲು. ಅದಕ್ಕೊಂದು ನಿಯಮವಿತ್ತು. ನಮ್ಮ ಕಡೆ ಹೆಡ್‌ಮಾಸ್ತರು ಶಾಲೆಗೆ ಸೇರಿದ ಅಷ್ಟೂ ಮಕ್ಕಳಿಗೆ ಜೂನ್ ಒಂದನ್ನೇ ಹುಟ್ಟುದಿನ ಎಂದು ಬರೆಯುವ ಹಾಗೆ, ವಿಜ್ಞಾನಿಗಳು ಆ ಕಡಲಿನ ಅಷ್ಟೂ ಮೀನಿಗೆ ಜನವರಿ ಒಂದನ್ನು ಹುಟ್ಟುದಿನ ಮಾಡಿಬಿಟ್ಟಿದ್ದರು. ಆದ್ದರಿಂದ ಚಳಿಗಾಲದ ಮೀನಿನಲ್ಲಿ ಕಡೆಯ ಗೆರೆ ಇನ್ನೂ ಪೂರ್ತಿ ಮೂಡಿರದಿದ್ದರೂ ಅಂಚನ್ನು ಒಂದು ವರ್ಷವೆಂದು ಸೇರಿಸಬೇಕು. ಮೂರು ಗೆರೆ ಕಂಡರೆ ನಾಲ್ಕು ಬರೆಯಬೇಕು.

ಬೇರೆಯವರು ಈ ನಿಯಮ ತಲೆಗೆ ಹೋಗದೆ ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು. ವಸಂತಲಕ್ಷ್ಮಿಗೆ ಅದು ಹುಟ್ಟಿನಿಂದ ಬಂದ ಲೆಕ್ಕ. ರೇಷ್ಮೆ ಸೀಮೆಯಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಎರಡು ಜ್ವರ ಎದ್ದ ಹುಳುವನ್ನು ಎರಡನೇ ಹಂತದ್ದು ಎಂದು ಯಾರೂ ಹೇಳುವುದಿಲ್ಲ, ಅದು ಮೂರನೆಯದು. ಎರಡು ಮುಗಿದಿದೆ, ಮೂರು ನಡೆಯುತ್ತಿದೆ. ಮನುಷ್ಯರಿಗೂ ಹಾಗೆಯೇ. ಹದಿನೆಂಟು ತುಂಬಿದ ಹುಡುಗಿಗೆ ಆ ಸೀಮೆಯ ಅಜ್ಜಿಯರು ಹತ್ತೊಂಬತ್ತು ಎಂದು ಹೇಳಿ ಗಂಡು ಹುಡುಕುತ್ತಾರೆ. ಆಕೆ ಕಲ್ಲು ನೋಡುತ್ತ ಬಾಯೊಳಗೇ "ಮೂರು ಎದ್ದು ನಾಲ್ಕಕ್ಕೆ ಬಿದ್ದಿದೆ" ಎಂದುಕೊಂಡು ನಾಲ್ಕು ಬರೆಯುತ್ತಿದ್ದಳು. ಇಂಗ್ರಿಡ್ ಅದು ಯಾವುದೋ ಮಂತ್ರ ಎಂದುಕೊಂಡು, ಆಕೆ ಓದುವಾಗ ರೇಡಿಯೋ ಸಣ್ಣ ಮಾಡುತ್ತಿದ್ದಳು.

ಒಬ್ಬರು ಓದಿದ್ದರಲ್ಲಿ ಐದಕ್ಕೊಂದು ಕಲ್ಲನ್ನು ಇನ್ನೊಬ್ಬರು, ಮೊದಲಿನವರು ಬರೆದದ್ದನ್ನು ನೋಡದೆ, ಮತ್ತೆ ಓದಬೇಕು. ಎರಡನೆಯ ಓದುಗ ಕೆಲಸ ಬಿಟ್ಟು ಬಿಸಿಲು ಹುಡುಕಿಕೊಂಡು ಅರಿಜೋನಾಕ್ಕೆ ಹೋದಾಗ ವಸಂತಲಕ್ಷ್ಮಿ ದೇವಸ್ಥಾನದಲ್ಲಿ ಪರಿಚಯವಾಗಿದ್ದ ವೇದಾಳನ್ನು ಕರೆತಂದಳು. ವೇದಾ ಚನ್ನಪಟ್ಟಣದ ಕಡೆಯವಳು, ಹುಳು ಸಾಕುವ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೇ ನಡೆಯಲು ಕಲಿತವಳು. ಆಕೆಗೂ ನಿಯಮ ಹೇಳಿಕೊಡಬೇಕಾಗಲಿಲ್ಲ. ಇಬ್ಬರ ಓದೂ ನೂರಕ್ಕೆ ತೊಂಬತ್ತೊಂಬತ್ತು ತಾಳೆಯಾಯಿತು. ಬೇರೆ ಲ್ಯಾಬುಗಳಲ್ಲಿ ಎಂಬತ್ತು ಬಂದರೆ ಕೇಕ್ ಕತ್ತರಿಸುತ್ತಿದ್ದರು. ಇಂಗ್ರಿಡ್ ಆ ತಾಳೆಪಟ್ಟಿಗೆ ಚೌಕಟ್ಟು ಹಾಕಿಸಿ ಬಾಗಿಲ ಎದುರು ತೂಗುಹಾಕಿದಳು.

ಎರಡು ಸಾವಿರದ ಏಳರ ಸೆಪ್ಟೆಂಬರಿನಲ್ಲಿ ಮೊದಲ ಸಲ ಬೇಸಿಗೆ ಸರ್ವೆಯ ಕಲ್ಲು ಬಂತು. ಸರ್ವೆ ಹಡಗು ಬೇರಿಂಗ್ ಕಡಲನ್ನು ಗುಡಿಸಿ ತಂದ ಸಾವಿರದ ನಾನೂರ ಹನ್ನೆರಡು ಮೀನು. ಜೊತೆಗೆ ಒಂದು ಹಾಳೆ ಸೂಚನೆ: ಬೇಸಿಗೆಯ ಮೀನಿನಲ್ಲಿ ಕಡೆಯ ಗೆರೆಯ ಆಚೆ ಕಾಣುವ ಹೊಸ ಬೆಳವಣಿಗೆಯನ್ನು ವರ್ಷವೆಂದು ಎಣಿಸಬಾರದು. ಇಬ್ಬರೂ ಓದಿದರು, ಸಹಿ ಹಾಕಿದರು, ಡಬ್ಬಿ ತೆರೆದರು. ಕಣ್ಣು ಹಾಳೆ ಓದಿತ್ತು, ಕೈ ಓದಿರಲಿಲ್ಲ.

ಅಕ್ಟೋಬರ್ ಕೊನೆಗೆ ಪಟ್ಟಿ ಸಿದ್ಧವಾಯಿತು. ಇಂಗ್ರಿಡ್ ಅದನ್ನು ನಿಂತೇ ಓದಿದಳು, ಯಾರಿಗೋ ಫೋನ್ ಮಾಡಿದಳು, ಆಮೇಲೆ ಕುಳಿತು ಓದಿದಳು. ಅಷ್ಟು ಎತ್ತರದಿಂದ ಕುಳಿತುಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ವಸಂತಾ, ಒಂದು ವರ್ಷದ ಮರಿ ಎಲ್ಲಿ?"

"ಅಲ್ಲೇ ಇರಬೇಕು."

"ಸೊನ್ನೆ ಅಂತ ಇದೆ."

ವಸಂತಲಕ್ಷ್ಮಿ ಬಗ್ಗಿ ನೋಡಿದಳು. ಎರಡು ವರ್ಷದ್ದು ಇನ್ನೂರ ಅರವತ್ತೊಂದು. ಮೂರರದ್ದು ಅದಕ್ಕಿಂತ ಹೆಚ್ಚು. ಒಂದರ ಎದುರಿಗೆ ಸೊನ್ನೆ, ಯಾರೋ ಕಾಫಿ ಲೋಟ ಇಟ್ಟು ತೆಗೆದ ಗುರುತಿನಂತೆ ದುಂಡಗೆ ಕೂತಿತ್ತು. ಹಿಂದಿನ ವರ್ಷ ಇನ್ನೊಂದು ಲ್ಯಾಬು ಓದಿದಾಗ ಹೆಚ್ಚುಕಡಿಮೆ ಅಷ್ಟೇ ಮೀನಿನಲ್ಲಿ ಇನ್ನೂರ ತೊಂಬತ್ತು ಮರಿ ಸಿಕ್ಕಿದ್ದವು.

"ಮರಿ ಹಿಡಿಯೋ ಬಲೆ ಹರಿದಿತ್ತೇನೋ" ಎಂದಳು ವೇದಾ.

"ಹಡಗಿನವರಿಗೆ ಆಗಲೇ ಫೋನ್ ಮಾಡಿದೆ. ಬಲೆ ಸರಿಯಿತ್ತು." ಇಂಗ್ರಿಡ್ ಕನ್ನಡಕ ತೆಗೆದಳು. "ಇನ್ನೊಂದು ನೂರು ಕಲ್ಲು ಆರಿಸಿ ಕೊಡ್ತೀನಿ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಓದಿ."

ಓದಿದರು. ನೂರಕ್ಕೆ ನೂರು ತಾಳೆಯಾಯಿತು. ಮರಿ ಒಂದೂ ಇರಲಿಲ್ಲ.

ಮುಂದಿನ ಶುಕ್ರವಾರ ಬ್ಯಾಲಾರ್ಡ್‌ನಲ್ಲಿ ಸಭೆ. ಆಮೇಲೆ ಮಿತಿ ಗೊತ್ತುಮಾಡುವವರ ಮುಂದೆ ಹೋಗುವ ಅಂಕಿಗಳನ್ನು ಅಲ್ಲಿ ಮೀನುಗಾರರಿಗೂ ವಿಜ್ಞಾನಿಗಳಿಗೂ ಓದಿ ಹೇಳುತ್ತಾರೆ. ಒಂದು ಇಡೀ ಕಡಲಿನಲ್ಲಿ ಒಂದು ವರ್ಷ ಮಕ್ಕಳೇ ಹುಟ್ಟಲಿಲ್ಲ ಎಂದು ಅಲ್ಲಿ ಹೇಳಬೇಕು. ಬಿತ್ತನೆ ಕೋಠಿಯಲ್ಲಿ ಕೆಟ್ಟ ಸುದ್ದಿ ಹೇಳಿ ವಸಂತಲಕ್ಷ್ಮಿಗೆ ಅಭ್ಯಾಸವಿತ್ತು, ಬುಟ್ಟಿಗಟ್ಟಲೆ ಮೊಟ್ಟೆ ಸುಡಿಸಿದ್ದಳು. ಆದರೆ ಅಲ್ಲಿ ರೋಗ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಇಲ್ಲದ್ದನ್ನು ನೋಡಿದ್ದೇನೆ ಎಂದು ಹೇಗೆ ಹೇಳುವುದು? ಮನೆಗೆ ಹೋಗಿ ಅನ್ನಕ್ಕೆ ಅರ್ಧವೇ ನೀರು ಇಟ್ಟು ಕುಕ್ಕರ್ ಕೂಗಿಸಿದಳು. ಶಿವಕುಮಾರ ಸುಟ್ಟ ಅನ್ನವನ್ನು ಎರಡು ಸಲ ಬಡಿಸಿಕೊಂಡು ತಿಂದ. ಅದರಲ್ಲೇ ವಿಷಯ ಗಂಭೀರ ಎಂದು ಆಕೆಗೆ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ಅವನು ಆಕೆಯನ್ನು ಬಲವಂತ ಮಾಡಿ ಕೆನ್ಮೋರ್‌ನ ಔಷಧಿ ಅಂಗಡಿಗೆ ಫ್ಲೂ ಚುಚ್ಚುಮದ್ದಿಗೆ ಕರೆದೊಯ್ದ. ಅಲ್ಲಿ ಎರಡು ಸಾಲು. ಐವತ್ತು ದಾಟಿದವರ ಸಾಲಿನಲ್ಲಿ ಮೂರೇ ಜನ. ಉಳಿದವರ ಸಾಲಿನ ಬಾಲ ಬೀದಿ ದಾಟಿ ಹತ್ತಿರ ಹತ್ತಿರ ಕೆನಡಾ ಮುಟ್ಟಿತ್ತು.

"ನೀವು ಆ ಕಡೆ ನಿಂತ್ಕೊಳ್ಳಿ" ಎಂದು ವಸಂತಲಕ್ಷ್ಮಿ ಗಂಡನನ್ನು ತಳ್ಳಿದಳು.

"ನನಗೆ ನಲವತ್ತೊಂಬತ್ತು ಕಣೇ."

"ಐವತ್ತು." ಆಕೆ ಕೌಂಟರಿನ ನರ್ಸಿಗೂ ಅದನ್ನೇ ಹೇಳಿದಳು.

ನರ್ಸು ಅವನು ತುಂಬಿದ ಹಾಳೆ ನೋಡಿದಳು. "ಇದರಲ್ಲಿ ನಲವತ್ತೊಂಬತ್ತು ಅಂತಿದೆ."

"ಅವಳ ಮಾತು ಬಿಡಿ" ಎಂದ ಶಿವಕುಮಾರ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಐವತ್ತಕ್ಕೆ ಇನ್ನೂ ಐದು ತಿಂಗಳಿದೆ. ಮುಗೀದೇ ಇರೋ ವರ್ಷಾನೂ ಸೇರಿಸಿ ನನ್ನ ಮುದುಕನ್ನ ಮಾಡ್ತೀಯಲ್ಲ. ನಡೀತಿರೋ ವರ್ಷ ಇನ್ನೂ ನಂದಾಗಿಲ್ಲ. ಅದನ್ನ ಎಣಿಸೋ ಹಾಗಿಲ್ಲ" ಎಂದ.

ಹದಿಮೂರು ವರ್ಷದ ಸಂಸಾರದಲ್ಲಿ ವಸಂತಲಕ್ಷ್ಮಿ ಉತ್ತರ ಕೊಡದೆ ಬಿಟ್ಟ ಮೊದಲ ಮಾತು ಅದು. ಶಿವಕುಮಾರ ಅದಕ್ಕೇ ಹೆದರಿ ನೋಡಿದರೆ ಆಕೆಯ ಮುಖದಲ್ಲಿ ರಕ್ತವಿರಲಿಲ್ಲ. ಸೂಜಿಗೆ ಹೆದರಿದ್ದಾರೆ ಎಂದುಕೊಂಡ ನರ್ಸು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಕಿತ್ತಳೆ ರಸ ಕೊಟ್ಟಳು.

"ನಾನು ಎಣಿಸಿಬಿಟ್ಟೆ" ಎಂದಳು ವಸಂತಲಕ್ಷ್ಮಿ.

"ಏನನ್ನ?"

"ಅಂಚನ್ನ. ಬೇಸಿಗೆ ಮೀನಿನ ಅಂಚನ್ನ. ಅಗಲವಾಗಿ ಕಂಡದ್ದನ್ನೆಲ್ಲ."

ಕಾರಿನಲ್ಲಿ ಕೂತು ವೇದಾಗೆ ಕಾಲ್ ಮಾಡಿದಳು. "ವೇದಾ, ಈ ಸಲದ ಕಲ್ಲಲ್ಲಿ ಕಡೇ ಗೆರೆಯಿಂದಾಚೆಗೆ ಬಿಳೀ ಅಂಚು ಕಂಡಾಗ ನೀನೇನು ಮಾಡ್ದೆ?"

"ಎಣಿಸ್ದೆ. ನಡೀತಿರೋ ವರ್ಷ ಅಲ್ವೇನಕ್ಕ?"

ಆಚೆ ಕಡೆ ವೇದಾ ಪಾತ್ರೆ ತೊಳೆಯುವ ನಲ್ಲಿ ನಿಲ್ಲಿಸಿದಳು.

"ಅಯ್ಯೋ ಅಕ್ಕ" ಎಂದಳು ವೇದಾ, ತಗ್ಗಿದ ದನಿಯಲ್ಲಿ. "ಆ ಹಾಳೆ."

"ಹ್ಞೂಂ. ಆ ಹಾಳೆ."

"ಈಗ ಯಾರಿಗೂ ಹೇಳೋದು ಬೇಡ. ಸೋಮವಾರ ಬೇಗ ಹೋಗಿ ಕಂಪ್ಯೂಟರಲ್ಲಿ ಎಲ್ಲಕ್ಕೂ ಒಂದೊಂದು ಕಳೆದುಬಿಟ್ರೆ ಆಯ್ತು. ಕಿವಿಗಲ್ಲಿಗೆ ಬಾಯಿಲ್ಲ."

"ಎಲ್ಲಕ್ಕೂ ಕಳೆಯೋಕಾಗಲ್ಲ ಕಣೇ. ಅಂಚು ಅಗಲ ಇದ್ದವಕ್ಕೆ ಮಾತ್ರ ಸೇರಿಸಿದೀವಿ. ಕೂದಲೆಳೆಯಷ್ಟು ಇದ್ದವನ್ನ ವರ್ಷ ಇನ್ನೂ ಶುರುವಾಗಿಲ್ಲ ಅಂತ ಬಿಟ್ಟು ಸರಿಯಾಗೇ ಬರೆದಿದೀವಿ. ಈ ಸಲ ಅಲ್ಲಿ ಬೇಸಿಗೆ ತಡವಾಗಿ ಬಂತಂತೆ, ಕೂದಲೆಳೆಯವೂ ಬೇಕಾದಷ್ಟಿವೆ. ಯಾವುದು ಯಾವುದು ಅಂತ ಮತ್ತೆ ನೋಡದೆ ಹೇಳೋಕಾಗಲ್ಲ."

"ಹಂಗಾದ್ರೆ ಕೆಲಸ ಹೋಯ್ತು."

"ಹೋಗ್ಲಿ. ಒಂಬತ್ತು ವರ್ಷ ಬೇರೆಯವರ ಮೊಟ್ಟೆ ಸುಡಿಸಿದೀನಿ. ನಂದೂ ಒಂದ್ಸಲ ಸುಡಲಿ."

ಶಿವಕುಮಾರ ಕಾರನ್ನು ಶೋರ್‌ಲೈನ್ ಕಡೆ ತಿರುಗಿಸಿದ. ಚುಚ್ಚುಮದ್ದು ಆ ವರ್ಷ ಇಬ್ಬರಿಗೂ ಆಗಲಿಲ್ಲ.

ಇಂಗ್ರಿಡ್ ಲ್ಯಾಬಿನಲ್ಲೇ ಇದ್ದಳು, ಸಭೆಯ ವರದಿ ಬರೆಯುತ್ತ. ವಸಂತಲಕ್ಷ್ಮಿ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು: ಹಾಳೆ, ಅಂಚು, ಜ್ವರ ಎದ್ದ ಹುಳು, ಐವತ್ತು ತುಂಬದ ಗಂಡ. ಇಂಗ್ರಿಡ್ ಕೇಳುತ್ತ ಕೇಳುತ್ತ ಎದ್ದು ನಿಂತಳು. ಬೈಯುತ್ತಾಳೆ ಎಂದು ವಸಂತಲಕ್ಷ್ಮಿ ಕಾದಳು. ಬೈಗುಳ ಅಷ್ಟು ಎತ್ತರದಿಂದ ಬೀಳುವಾಗ ತಲೆ ತಗ್ಗಿಸಿಕೊಳ್ಳುವುದು ಒಳ್ಳೆಯದು ಎಂದು ತಗ್ಗಿಸಿಯೂ ಇದ್ದಳು.

"ಹಾಗಾದರೆ ಎರಡು ಅಂತ ಬರೆದದ್ದೆಲ್ಲ ಒಂದು" ಎಂದಳು ಇಂಗ್ರಿಡ್. ಅವಳ ಕಣ್ಣಲ್ಲಿ ನೀರಿತ್ತು. "ಇನ್ನೂರ ಅರವತ್ತೊಂದು ಮರಿ. ಮರಿ ಇವೆ ಕಡಲಲ್ಲಿ."

"ಎಲ್ಲವೂ ಅಲ್ಲ. ಎಷ್ಟೋ ಕಲ್ಲಿನ ಅಂಚು..."

ಇಂಗ್ರಿಡ್ ಆಗಲೇ ಫೋನಿನಲ್ಲಿದ್ದಳು. ಮರಿ ಇಲ್ಲ ಎಂಬ ಸುದ್ದಿಯನ್ನು ಅಣ್ಣನಿಗೆ ಹೇಳದೆ ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದವಳು ಒಳ್ಳೆಯ ಸುದ್ದಿಯನ್ನು ಮೂರು ನಿಮಿಷ ಇಟ್ಟುಕೊಳ್ಳಲಾರದೆ ಹೋದಳು. ಸಭೆಗೆ ಮೊದಲು ಹೇಳಬಾರದ ಮಾತು ಅದು, ಅವಳಿಗೂ ಗೊತ್ತಿತ್ತು. ಆ ಮಾತು ಶೋರ್‌ಲೈನ್‌ನಿಂದ ಬ್ಯಾಲಾರ್ಡ್‌ಗೆ ಹೋಗುವಷ್ಟರಲ್ಲಿ ಇನ್ನೂರ ಅರವತ್ತು ಮುನ್ನೂರಾಯಿತು, ದಕ್ಕೆಯ ಮೇಲೆ ನಡೆದು ಹೋಟೆಲು ಮುಟ್ಟುವಾಗ ಐನೂರಾಯಿತು, ಸಂಜೆಯ ಹೊತ್ತಿಗೆ ಮೀನುಗಾರರ ಬಾಯಲ್ಲಿ ಬೇರಿಂಗ್ ಕಡಲಿನ ನೀರು ಮರಿಗಳ ಇಕ್ಕಟ್ಟಿಗೆ ಒಂದು ಅಡಿ ಮೇಲೆದ್ದಿತ್ತು.

ಭಾನುವಾರದಿಂದ ಗುರುವಾರದವರೆಗೆ ಮೂವರೂ ಕೂತರು. ಇಂಗ್ರಿಡ್ ತಾನೂ ಮೊದಲು ಕಲ್ಲು ಓದುತ್ತಿದ್ದವಳೇ. ಒಂದು ಪಾಲು ತೆಗೆದುಕೊಂಡಳು. ಸೂಚನೆಯ ಹಾಳೆಯನ್ನು ಮೂರು ಪ್ರತಿ ಮಾಡಿ ಮೂರು ಮೈಕ್ರೋಸ್ಕೋಪಿನ ಹಣೆಗೆ ಅಂಟಿಸಿದರು. ವಸಂತಲಕ್ಷ್ಮಿ ಬಾಯೊಳಗೆ ಎಣಿಸುವುದನ್ನು ನಿಲ್ಲಿಸಿದಳು. ತುಟಿ ಕೇಳಲಿಲ್ಲವೆಂದು ಒಂದು ಲವಂಗ ಕಚ್ಚಿಕೊಂಡು ಕೂತಳು. ಐದು ದಿನದಲ್ಲಿ ಖಾಲಿಯಾದ ಲವಂಗದಲ್ಲಿ ಗುಂಡ್ಲುಪೇಟೆಯ ಒಂದು ಮದುವೆಯ ಪಲಾವು ಆಗುತ್ತಿತ್ತು.

ಮೊದಲ ದಿನ ಮುಗಿಯುವಾಗಲೇ ಆಕೆಗೆ ಏನೋ ಸರಿಯಿಲ್ಲ ಅನ್ನಿಸಿತು. ಎರಡು ಎಂದು ಬರೆದಿದ್ದ ಕಲ್ಲು ಒಂದೊಂದನ್ನೇ ತೆಗೆದು ನೋಡಿದಳು. ಎರಡು ಗೆರೆ, ಅಂಚು ಕೂದಲೆಳೆ. ನಿಜಕ್ಕೂ ಎರಡು. ಮುಂದಿನದು ಎರಡು. ಅದರ ಮುಂದಿನದು ಎರಡು. ಮೂವತ್ತು ಕಲ್ಲಾದ ಮೇಲೆ ಒಂದು ಸಿಕ್ಕಿತು, ಒಂದೇ ಗೆರೆ, ಅದರಾಚೆ ಅಗಲವಾದ ಬಿಳಿ ಅಂಚು. ಮರಿ. ಆಕೆ ಅದನ್ನು ಬೇರೆ ಟ್ರೇಗೆ ಹಾಕಿದಳು. ಬುಧವಾರದ ಹೊತ್ತಿಗೆ ಆ ಟ್ರೇಯಲ್ಲಿ ಎಷ್ಟಿವೆ ಎಂದು ಮೂವರೂ ಒಬ್ಬರನ್ನೊಬ್ಬರು ಕೇಳುವುದನ್ನು ಬಿಟ್ಟಿದ್ದರು.

ಗುರುವಾರ ಸಂಜೆ ಪಟ್ಟಿ ಬಂತು. ಐದಕ್ಕೊಂದು ಕಲ್ಲಿನ ತಾಳೆ ನೂರಕ್ಕೆ ಎಂಬತ್ತಮೂರು.

"ಇದು ಮನುಷ್ಯರ ಓದು" ಎಂದಳು ಇಂಗ್ರಿಡ್. ಬಾಗಿಲ ಎದುರಿನ ಚೌಕಟ್ಟನ್ನು ತೆಗೆದು ಗೋಡೆಗೆ ಮುಖ ಮಾಡಿ ಕೆಳಗಿಟ್ಟಳು. "ತೊಂಬತ್ತೊಂಬತ್ತು ಕಂಡ ದಿನವೇ ನಾನು ಹೆದರಬೇಕಿತ್ತು. ತೂಗುಹಾಕಿದೆ."

ಆಮೇಲೆ ಮೊದಲ ಸಾಲು ನೋಡಿದಳು. ಒಂದು ವರ್ಷದ ಮರಿ: ಇಪ್ಪತ್ತಮೂರು.

"ಇನ್ನೂರ ಇಪ್ಪತ್ತಮೂರಾ?" ಎಂದು ಕೇಳಿದಳು, ಹಾಳೆಯನ್ನು ಬೆಳಕಿಗೆ ಹಿಡಿದು.

"ಇಪ್ಪತ್ತಮೂರು" ಎಂದಳು ವಸಂತಲಕ್ಷ್ಮಿ. "ನಿಮ್ಮ ಪಾಲಲ್ಲಿ ಒಂಬತ್ತು, ವೇದಾದು ಆರು, ನಂದು ಎಂಟು. ಇಪ್ಪತ್ತಮೂರನ್ನೂ ಮೂವರೂ ನೋಡಿದೀವಿ."

ಸೊನ್ನೆ ಕಂಡಾಗ ಎಲ್ಲರಿಗೂ ಒಳಗೊಳಗೇ ಒಂದು ಅನುಮಾನವಿತ್ತು. ಸೊನ್ನೆ ಎಂದರೆ ಎಲ್ಲೋ ಏನೋ ತಪ್ಪಾಗಿರಬೇಕು ಎಂದು ಹೇಳಿಕೊಳ್ಳಬಹುದಿತ್ತು. ಇಪ್ಪತ್ತಮೂರರಲ್ಲಿ ಅಂಥ ಸಂದು ಇರಲಿಲ್ಲ. ತಪ್ಪನ್ನು ತಿದ್ದಿ ಆಗಿತ್ತು, ಅದರ ಅಡಿಯಲ್ಲಿ ಮೊದಲಿನ ಭಯವೇ ಹೆಚ್ಚುಕಡಿಮೆ ಹಾಗೇ ಕೂತಿತ್ತು. ವೇದಾ ಎದ್ದು ಹೋಗಿ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು ಒಳಗೆ ನೋಡಿ ಬಂದಳು. ಯಾವುದೋ ಮೂಲೆಯಲ್ಲಿ ಮರಿಯ ಕಲ್ಲು ಅಡಗಿರಬಹುದು ಎಂಬಂತೆ.

"ನಾಳೆ ನೀನು ಬರಬೇಕು" ಎಂದಳು ಇಂಗ್ರಿಡ್. "ನನ್ನ ಮಾತು ನಮ್ಮಣ್ಣ ಕೇಳಲ್ಲ. ಶನಿವಾರ ನಾನೇ ಫೋನ್ ಮಾಡಿದವಳು."

"ನನ್ನ ಮಾತು ಯಾಕೆ ಕೇಳ್ತಾರೆ? ತಪ್ಪು ಓದಿದ್ದು ನಾನು."

"ಅದಕ್ಕೇ ಬಾ. ತಪ್ಪು ಯಾರದು ಅಂತ ಅವರು ನೋಡಲಿ, ಆಮೇಲೆ ಬೇಕಾದರೆ ನಂಬಲಿ."

ಶುಕ್ರವಾರ ಮಧ್ಯಾಹ್ನ ಬ್ಯಾಲಾರ್ಡ್‌ನ ಸಭಾಂಗಣದಲ್ಲಿ ನೂರಿಪ್ಪತ್ತು ಜನ. ಒಬ್ಬೊಬ್ಬರ ಕೈಯೂ ಕಡಲೆಕಾಯಿ ಚೀಲದಷ್ಟು. ವಸಂತಲಕ್ಷ್ಮಿ ಹಸಿರು ರೇಷ್ಮೆ ಸೀರೆಯ ಮೇಲೆ ಮಳೆಕೋಟು ಹಾಕಿಕೊಂಡು, ಒಂದು ಮೈಕ್ರೋಸ್ಕೋಪು, ನಾಲ್ಕು ಟ್ರೇ ಇಟ್ಟುಕೊಂಡು ಮುಂದಿನ ಮೇಜಿನಲ್ಲಿ ಕೂತಳು. ಇಂಗ್ರಿಡ್ ಅಂಕಿ ಓದಿದಳು. ಇಪ್ಪತ್ತಮೂರು ಎಂಬ ಮಾತು ಹೊರಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಸಿಗರ್ಡ್ ಎದ್ದ. ತಂಗಿಗಿಂತ ಗಿಡ್ಡ, ಅದರ ಬದಲಿಗೆ ಅಗಲ. "ಶನಿವಾರ ಹೇಳಿದ್ರಿ ಇನ್ನೂರ ಅರವತ್ತು ಅಂತ. ಅದಕ್ಕೂ ಮೊದಲು ಸೊನ್ನೆ ಅಂತ ಇತ್ತಂತೆ, ಅದೂ ನಮಗೀಗ ಗೊತ್ತಾಯ್ತು. ಇವತ್ತು ಇಪ್ಪತ್ತಮೂರು. ನಾಳೆ ಎಷ್ಟು, ಮೇಡಂ? ನನ್ನ ಹಡಗಲ್ಲಿ ನೂರ ಹತ್ತು ಜನ ಇದಾರೆ. ಅವರಿಗೆ ಯಾವ ದಿನದ ಅಂಕಿ ಹೇಳಲಿ?"

ಕೊಳ್ಳೇಗಾಲದಲ್ಲಿ ಮೊಟ್ಟೆ ಸುಡಿಸಿಕೊಂಡ ರೈತರು ಹೀಗೇ ಕೇಳುತ್ತಿದ್ದರು. ಅವರಿಗೆ ಆಕೆ ಬಾಯಲ್ಲಿ ಉತ್ತರ ಹೇಳದೆ ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಿದ್ದಳು.

"ಮೊದಲನೇದು ನನ್ನ ತಪ್ಪು" ಎಂದಳು ವಸಂತಲಕ್ಷ್ಮಿ. "ನಮ್ಮ ಊರಲ್ಲಿ ಹುಳುವಿಗೂ ಗಂಡನಿಗೂ ಮುಗೀದೇ ಇರೋ ವರ್ಷ ಸೇರಿಸಿ ಎಣಿಸ್ತೀವಿ. ಮೀನಿಗೂ ಸೇರಿಸಿಬಿಟ್ಟೆ. ಇದರ ಲೆಕ್ಕ ನೀವೇ ಮಾಡಿ. ಬನ್ನಿ, ಕೂತ್ಕೊಳ್ಳಿ."

ಆಕೆ ಕುರ್ಚಿ ಬಿಟ್ಟು ಎದ್ದಳು. ಸಿಗರ್ಡ್ ನಗುವವರ ಕಡೆ ಒಂದು ಸಲ ನೋಡಿ, ಬಂದು ಕೂತ. ಆಕೆ ಹಿಂದಿನ ವರ್ಷದ ಮರಿಗಳ ಮೂರು ಟ್ರೇ ಮುಚ್ಚಳ ತೆಗೆದಳು. ಇನ್ನೊಂದು ಲ್ಯಾಬಿನಿಂದ ಕಡ ತಂದದ್ದು. ಒಂದೊಂದರಲ್ಲೂ ಹತ್ತು ಸಾಲಿನಲ್ಲಿ ನೂರು ಗುಳಿ, ಹೆಚ್ಚುಕಡಿಮೆ ಎಲ್ಲದರಲ್ಲೂ ಭತ್ತದ ಕಾಳಿನಷ್ಟು ಕಲ್ಲು. ಪಕ್ಕದಲ್ಲಿ ಈ ವರ್ಷದ ಟ್ರೇ. ತುಂಬಿದ್ದು ಮೊದಲ ಎರಡು ಸಾಲು, ಮೂರನೆಯದರಲ್ಲಿ ಮೂರು ಕಲ್ಲು.

"ಉಳಿದ ಟ್ರೇ?" ಎಂದು ಸಿಗರ್ಡ್ ಕೇಳಿದ.

"ಇಷ್ಟೇ."

"ಕಾರಲ್ಲಿ ಬಿಟ್ಟಿದೀರೇನೋ."

"ಇಷ್ಟೇ, ಸಿಗರ್ಡ್" ಎಂದಳು ಇಂಗ್ರಿಡ್.

ಅವನು ಬಗ್ಗಿ ಮೇಜಿನ ಕೆಳಗೂ ನೋಡಿದ. ಹಿಂದೆ ಯಾರೂ ನಗಲಿಲ್ಲ. ಆಮೇಲೆ ಕಣ್ಣನ್ನು ಮೈಕ್ರೋಸ್ಕೋಪಿಗೆ ಇಟ್ಟ. ಆಕೆ ಮೊದಲ ಕಲ್ಲನ್ನು ಬೆಳಕಿಗೆ ಜೋಡಿಸಿದಳು.

"ಒಂದು ಕಪ್ಪು ಗೆರೆ ಇದೆ" ಎಂದ. "ಅದರಾಚೆ ಬಿಳಿ."

"ಬಿಳಿ ಎಣಿಸಬೇಡಿ."

"ಒಂದು."

ಎರಡನೆಯದು ಜೋಡಿಸಿದಳು. "ಒಂದು" ಎಂದ. ಮೂರನೆಯದು. "ಒಂದು." ಇಷ್ಟು ಸಾಕು ಎಂದು ಯಾರೋ ಅಧ್ಯಕ್ಷರಿಗೆ ಸನ್ನೆ ಮಾಡಿದರು. ಸಿಗರ್ಡ್ ತಲೆಯೆತ್ತದೆ ಕೈ ಎತ್ತಿ ತಡೆದ. ಇಪ್ಪತ್ತಮೂರನ್ನೂ ನೋಡಿದ. ನೂರಿಪ್ಪತ್ತು ಜನ ಅವನ ಬೆನ್ನು ನೋಡುತ್ತ ಕಾದರು. ಕಾಫಿ ಪಾತ್ರೆಯ ಕೆಳಗಿನ ಬೆಂಕಿ ತಾನಾಗಿ ಆರಿತು, ಯಾರೂ ಎದ್ದು ಹಚ್ಚಲಿಲ್ಲ.

ಕಡೆಯದನ್ನು ನೋಡಿ ಮುಗಿಸಿ ಅವನು ಟ್ರೇಯನ್ನು ತನ್ನ ಕಡೆ ಎಳೆದುಕೊಂಡ. ಇಪ್ಪತ್ತನಾಲ್ಕನೆಯ ಗುಳಿಗೆ ತೋರುಬೆರಳು ಇಟ್ಟ. ಆ ಬೆರಳು ಗುಳಿಗಿಂತ ದಪ್ಪ. ಪಕ್ಕದ ಗುಳಿಗೆ ಸರಿಸಿದ, ಅದರ ಪಕ್ಕದ್ದಕ್ಕೆ ಸರಿಸಿದ. ಹಾಗೇ ಸಾಲಿನ ಕೊನೆಯವರೆಗೆ ಹೋಗಿ ಮುಂದಿನ ಸಾಲಿಗೆ ಇಳಿದ. ಏಳೂ ಸಾಲು ಬರಿದು ಎಂದು ಮುಟ್ಟಿ ನೋಡುವವರೆಗೆ ಅವನು ಕೈ ತೆಗೆಯಲಿಲ್ಲ.

"ಇವರು ಹೇಳಿದ್ದನ್ನೇ ಬರೆದುಕೊಳ್ಳಿ" ಎಂದ ಅಧ್ಯಕ್ಷರಿಗೆ, ಸಭೆಯ ಕಡೆ ತಿರುಗದೆ. "ಇಪ್ಪತ್ತಮೂರು. ಮಿತಿ ಎಷ್ಟು ಇಳಿಸಬೇಕೋ ಅದರ ಮೇಲೆ ಇಳಿಸಲಿ."

ತನ್ನ ಓದನ್ನು ನಂಬಿದರು ಎಂದು ವಸಂತಲಕ್ಷ್ಮಿಗೆ ಆಗ ಹೊಳೆಯಿತು. ವಾರವಿಡೀ ಬೇಡಿಕೊಂಡದ್ದು ಅದನ್ನೇ. ಆಕೆ ಟ್ರೇಗೆ ಮುಚ್ಚಳ ಹಾಕಲು ಹೋದಳು. ಸಿಗರ್ಡ್ ಅದನ್ನು ಆಕೆಯ ಕೈಯಿಂದ ತೆಗೆದುಕೊಂಡು, ಒಂದು ಕಲ್ಲೂ ಅಲುಗದ ಹಾಗೆ, ತಾನೇ ಮುಚ್ಚಿದ.